ಪಕ್ಕದ ಮನೆಯವಳು

ರಜೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಯಾರಾದರೊಬ್ಬರು ಅವಳ ಮುಂದೆ ಬಾಯಿ ತೆರೆದುಕೊಂಡು ನಿಂತಿರುತ್ತಿದ್ದರು. ಆ ದಿನ ಮೇಲಿನ ಮಹಡಿಯ ಯಜಮಾನರ ಸರದಿ. ಕೊನೆಯ ದವಡೆ ಹಲ್ಲು ಪ್ರಾಣ ತಿನ್ನುತ್ತಿದೆಯಂತೆ. ಅವಳು ಗಂಭೀರವಾಗಿ ಇಣುಕಿ ನೋಡಿ, "ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ನಾಳೆ ಡಾಕ್ಟರಿಗೆ ತೋರಿಸಿ" ಎಂದು ಹೇಳಿ ಕಳಿಸಿದಳು. ಅದಕ್ಕಿಂತ ಹೆಚ್ಚಿನ ಹಲ್ಲಿನ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ.

ತಪ್ಪು ಅವಳದಲ್ಲ, ಅಮ್ಮನದು. ಮಗಳು ಆಸ್ಪತ್ರೆಯಲ್ಲಿ ಲೈಂಗಿಕ ಆರೋಗ್ಯದ ಶಿಕ್ಷಕಿ ಎಂದು ಹೇಳಲು ಅಮ್ಮನಿಗೆ ಇಷ್ಟು ವರ್ಷವಾದರೂ ನಾಲಿಗೆ ಹೊರಳಿರಲಿಲ್ಲ. ಮೊದಲ ಸಲ ಯಾರೋ ಕೇಳಿದಾಗ ಗಾಬರಿಯಲ್ಲಿ "ಹಲ್ಲಿನ ವಿಭಾಗ" ಎಂದುಬಿಟ್ಟಿದ್ದಳು. ಒಮ್ಮೆ ಹೇಳಿದ ಸುಳ್ಳನ್ನು ಸಾಕಿ ಸಲಹಬೇಕಲ್ಲ, ಸಲಹಿದಳು. ಮಗಳು ಪಾಠಕ್ಕೆ ಒಯ್ಯುವ ತಗಡಿನ ಪೆಟ್ಟಿಗೆಯಲ್ಲಿ ಗರ್ಭಕೋಶದ ಚಿತ್ರಪಟ, ಗಂಡಸಿನ ಅಂಗದ ಮರದ ಮಾದರಿ, ಕಾಂಡೋಮಿನ ಕಟ್ಟು, ಮಾತ್ರೆಗಳ ಡಬ್ಬಿ ಇರುತ್ತಿದ್ದವು. ಮನೆಗೆ ನೆಂಟರು ಬಂದರೆ ಅಮ್ಮ ಆ ಪೆಟ್ಟಿಗೆಗೆ ಕಸೂತಿ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟು, ಅದನ್ನು ಮೇಜು ಮಾಡಿಬಿಡುತ್ತಿದ್ದಳು.

ಅವಳ ಪಾಠ ಕೇಳಿದವರು ಅವಳನ್ನು ಪೆಟ್ಟಿಗೆ ಮೇಡಂ ಎಂದೇ ಕರೆಯುತ್ತಿದ್ದರು. ಶಾಲೆ, ಕಾರ್ಖಾನೆ, ಲಾರಿ ನಿಲ್ದಾಣ, ಎಲ್ಲಿಗೆ ಕರೆದರೂ ಹೋಗುತ್ತಿದ್ದಳು. ವಾರಕ್ಕೊಂದು ಸಂಜೆ ಅವಳ ಕ್ಲಿನಿಕ್ಕಿಗೆ ಗಂಡಸರನ್ನು ಪ್ರೀತಿಸುವ ಗಂಡಸರು, ಹೆಂಗಸರನ್ನು ಪ್ರೀತಿಸುವ ಹೆಂಗಸರು, ಹುಟ್ಟಿದಾಗ ಕೊಟ್ಟ ಗುರುತು ತಮ್ಮದಲ್ಲವೆಂದು ಅರಿತವರು ಬರುತ್ತಿದ್ದರು. ಇನ್ನೆಲ್ಲೂ ಯಾರ ಹತ್ತಿರವೂ ಕೇಳಲಾಗದ್ದನ್ನು ಅಲ್ಲಿ ಕೇಳುತ್ತಿದ್ದರು.

ಆ ಕೆಲಸದಲ್ಲೊಂದು ತಮಾಷೆಯಿದೆ. ಅಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ, ಆಗುವುದೆಲ್ಲ ಪಕ್ಕದ ಮನೆಯವರಿಗೆ. "ಮೇಡಂ, ನಮ್ಮ ಪಕ್ಕದ ಮನೆಯವಳಿಗೆ ಬಿಳಿ ಹೋಗ್ತದಂತೆ." "ನಮ್ಮ ಪಕ್ಕದ ಮನೆ ಹುಡುಗನಿಗೆ ಅಲ್ಲಿ ಗುಳ್ಳೆ ಎದ್ದಿದೆಯಂತೆ." ಅವಳು ನಗುತ್ತಿರಲಿಲ್ಲ, "ನಿಮಗೇನಾ?" ಎಂದು ಕೇಳುತ್ತಲೂ ಇರಲಿಲ್ಲ. ಪಕ್ಕದ ಮನೆಯವಳಿಗೇ ಉತ್ತರ ಹೇಳಿ ಕಳಿಸುವುದು ಅವಳ ನಿಯಮ. ಒಬ್ಬರ ಗುಟ್ಟನ್ನು ಇನ್ನೊಬ್ಬರು ಹೇಳಬಾರದು ಎಂಬುದು ಅದಕ್ಕಿಂತ ದೊಡ್ಡ ನಿಯಮ.

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಈ ಎರಡನೆಯ ನಿಯಮ ಅವಳ ಮನೆಯಲ್ಲೇ ಅವಳ ಕೈ ಕಟ್ಟಿಹಾಕಿತು.

ಹಲ್ಲುನೋವಿನ ಯಜಮಾನರು ಮೆಟ್ಟಿಲು ಹತ್ತಿ ಹೋದ ಮೇಲೆ ಅಮ್ಮ ಮಾತು ತೆಗೆದಳು. "ಬರೋ ವಾರ ನಿನ್ನ ತಮ್ಮನಿಗೆ ನೋಡಿರೋ ಹುಡುಗಿ ಕಡೆಯವರು ಮನೆ ನೋಡೋಕೆ ಬರ್ತಾರೆ. ನೀನು ಅವತ್ತು ಬಾಯಿ ಮುಚ್ಕೊಂಡು ಇರ್ಬೇಕು."

"ತಮ್ಮ ನಿನ್ನ ಮುಂದೆ ಕೂತು ಎಲ್ಲಾ ಹೇಳಿದ್ದಾನಲ್ಲಮ್ಮಾ. ಹೆಣ್ಣಿನ ಕಡೆ ನಂಗೆ ಮನಸ್ಸು ಹೋಗಲ್ಲ, ಗಂಡಸರ ಕಡೆಗೇ ಹೋಗೋದು ಅಂತ. ಆಮೇಲೂ ಹುಡುಗಿ ನೋಡ್ತೀಯಲ್ಲ?"

"ಹೇಳಿದ. ವಯಸ್ಸಿನಲ್ಲಿ ಏನೇನೋ ಅನ್ಸುತ್ತೆ. ಮದುವೆ ಒಂದಾದ್ರೆ ತಾನಾಗೇ ಸರಿಹೋಗುತ್ತೆ."

"ಇಳಿದು ಹೋಗೋಕೆ ಅದೇನು ಜ್ವರಾನಾ? ಒಬ್ಬರು ಎಡಗೈಲಿ ಬರೀತಾರೆ, ಒಬ್ಬರು ಬಲಗೈಲಿ. ಅವನಿರೋದೇ ಹಾಗೆ. ಅದಕ್ಕೆ ಔಷಧಿ ಇಲ್ಲ, ಬೇಕಾಗೂ ಇಲ್ಲ."

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ನೆ ಹೇಳಿದ್ರಾ?"

"ಆ ಸುಳ್ಳಿನ ಜೊತೆ ಸಂಸಾರ ಮಾಡೋಳು ಆ ಹುಡುಗಿ ತಾನೇ, ಹಿರಿಯರಲ್ಲವಲ್ಲ."

ಅಮ್ಮನ ಕಣ್ಣು ತುಂಬಿತು. ಅವಳು ಕೆಟ್ಟವಳಲ್ಲ. ಮಗನ ಮುಪ್ಪಿನ ಚಿಂತೆ ಅವಳಿಗೆ ತನ್ನ ಮುಪ್ಪಿಗಿಂತ ಹೆಚ್ಚಾಗಿತ್ತು. "ನಾನು ಹೋದ ಮೇಲೆ ಅವನಿಗೆ ಒಂದು ತುತ್ತು ಹಾಕೋರು ಯಾರೇ?" ಎಂದಳು. ಮೂಗು ಒರೆಸಿಕೊಂಡು, ಯಾವಾಗಲೂ ಕೊನೆಗೆ ಎಸೆಯುವ ಬಾಣವನ್ನು ಎಸೆದಳು. "ನನ್ನ ಸ್ವಂತ ತಮ್ಮನೂ ಹಿಂಗೇ ಇದ್ದ. ನಮ್ಮಪ್ಪ ತಲೆ ಚಚ್ಕೊಂಡ್ರು. ನಾನೇ ಮುಂದೆ ನಿಂತು ಮದುವೆ ಮಾಡ್ಸಿದೆ. ಆಮೇಲೆ ಅವನ ಬಗ್ಗೆ ಒಂದು ಮಾತು ಬಂತಾ? ಹೋಗಿ ನಿನ್ನ ಅತ್ತೆನೇ ಕೇಳು."

ಸೋದರಮಾವನ ಹೆಂಡತಿ, ಅಂದರೆ ಅತ್ತೆ, ಮಾವ ತೀರಿಕೊಂಡ ಮೇಲೆ ಇವರ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಕೆಲಸ. ರಜೆಯ ದಿನವೂ ಒಂದಿಷ್ಟು ಅಂಗಿಗಳನ್ನು ಮನೆಗೆ ತಂದು, ನೆಲದ ತುಂಬ ಗುಂಡಿ ಹರಡಿಕೊಂಡು ಕೂರುತ್ತಿದ್ದಳು. ಆ ಗುಂಡಿಗಳು ಕಾಲಿಗೆ ಒತ್ತುತ್ತವೆಂದು ಅಮ್ಮ ಸದಾ ಗೊಣಗುತ್ತಿದ್ದಳು. ಬಾಗಿಲಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಈಗ ತಲೆ ಎತ್ತದೆ, "ನಂಗೇನು ಕಡಿಮೆ ಆಗಿತ್ತು, ಎಲ್ಲಾ ಚೆನ್ನಾಗೇ ಇತ್ತು" ಎಂದಳು. ಯಾವಾಗಲೂ ಅದನ್ನೇ ಹೇಳುತ್ತಿದ್ದಳು.

ಪೆಟ್ಟಿಗೆ ಮೇಡಂಗೆ ನಿಜ ಗೊತ್ತಿತ್ತು. ಮಾವ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೆ ಅವಳ ಕೈ ಹಿಡಿದು ಎಲ್ಲವನ್ನೂ ಹೇಳಿ, "ಯಾರಿಗೂ ಹೇಳ್ಬೇಡ ಮಗಳೇ" ಎಂದು ಮಾತು ತೆಗೆದುಕೊಂಡಿದ್ದ. ಎಚ್‌ಐವಿ. ದಿನಾ ಮಾತ್ರೆ ನುಂಗಿದ್ದರೆ ಇವತ್ತಿಗೂ ಗಟ್ಟಿಮುಟ್ಟಾಗಿ ಇರುತ್ತಿದ್ದ. ಮನೆಯಲ್ಲಿ ಹೊಟ್ಟೆ ಹುಣ್ಣು ಎಂದರು, ಮಣ್ಣು ಮಾಡಿದರು. ಆಗ ನರ್ಸಿಂಗ್ ಕಲಿಯುತ್ತಿದ್ದ ಅವಳು ಈ ಕೆಲಸ ಹಿಡಿದದ್ದೇ ಆ ಮಂಚದ ಪಕ್ಕದಲ್ಲಿ ನಿಂತು.

ಅವಳು ತಮ್ಮನನ್ನು ಹುಡುಕಿಕೊಂಡು ಹೋದಾಗ ಅವನು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿದ್ದ. ಅಂಗಡಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಒಂದು ಚೌಕಟ್ಟಿಗೆ ಗಾಜು ಕೂರಿಸುತ್ತಾ, "ಒಪ್ಕೊಂಡುಬಿಟ್ಟೆ ಅಕ್ಕಾ" ಎಂದ. "ಅಮ್ಮ ಊಟ ಬಿಟ್ಟು ಮಲಗ್ತಾಳೆ. ನಾನೇನು ಮಾಡ್ಲಿ?"

"ಆ ಹುಡುಗಿ ಏನು ಮಾಡ್ಲಿ?"

ಅವನು ಗಾಜನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. "ನೀನೇ ಅವರಿಗೆ ಹೇಳಿಬಿಡು ಅಕ್ಕಾ. ನಂಗೆ ಧೈರ್ಯ ಬರಲ್ಲ."

"ನಿನ್ನ ಮಾತು ನಿಂದು ಕಣೋ. ಅವರೆದುರಿಗೆ ಅದನ್ನ ನಾನು ಹೇಳಿದ್ರೆ, ನಾಳೆ ನನ್ನ ಕ್ಲಿನಿಕ್ಕಿಗೆ ಬರೋ ಒಬ್ಬರಿಗೂ ನಾನು ಮುಖ ತೋರಿಸೋ ಹಾಗಿಲ್ಲ. ಆದ್ರೆ ಅವರಾಗಿ ಕೇಳಿದ್ರೆ ಸುಳ್ಳು ಹೇಳಲ್ಲ. ಅವನನ್ನೇ ಕೇಳಿ ಅಂತೀನಿ. ಅಷ್ಟೇ ನನ್ನ ಕೈಲಾಗೋದು."

ಮನೆಗೆ ನಡೆದು ಬರುವಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಊರ ಜನರಿಗೆಲ್ಲ ಬಾಯಿ ಬಿಟ್ಟು ಮಾತಾಡಿ ಎಂದು ಕಲಿಸುವವಳು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಾಯಿತಲ್ಲ ಎಂದು.

ಆ ವಾರವೇ ಅತ್ತೆಯ ಕಾರ್ಖಾನೆಯಲ್ಲಿ ಪಾಠ ಹೇಳುವ ಸರದಿ ಬಂದಿತ್ತು. ಊಟದ ಬಿಡುವಿನಲ್ಲಿ ಬಟ್ಟೆ ಕತ್ತರಿಸುವ ಕೋಣೆಯಲ್ಲಿ ಹೆಂಗಸರು ಬಂದು ಕೂತರು. ಅತ್ತೆ ಅವತ್ತು ರಜೆ ಹಾಕುತ್ತಾಳೆಂದೇ ಅವಳು ಅಂದುಕೊಂಡಿದ್ದಳು. ಅತ್ತೆ ಬಂದು ಕೊನೆಯ ಬೆಂಚಿನ ಮೂಲೆಯಲ್ಲಿ ಕೂತಳು. ಪೆಟ್ಟಿಗೆ ತೆರೆದಾಗ ಎಂದಿನಂತೆ ಮೊದಲು ಕಿಸಿಕಿಸಿ ನಗು, ಆಮೇಲೆ ಮೌನ, ಆಮೇಲೆ ಪಕ್ಕದ ಮನೆಯವರ ಪ್ರಶ್ನೆಗಳು. ಎಲ್ಲ ಮುಗಿಯಿತು ಎನ್ನುವಾಗ ಅತ್ತೆ ಎದ್ದು ನಿಂತಳು.

"ಮೇಡಂ," ಎಂದಳು. ಮನೆಯ ಹುಡುಗಿಯನ್ನು ಮೇಡಂ ಎಂದು ಕರೆದದ್ದು ಅದೇ ಮೊದಲು. "ನಮ್ಮ ಪಕ್ಕದ ಮನೆಯಲ್ಲೊಬ್ಬಳಿದ್ದಳು. ಅವಳ ಗಂಡನಿಗೆ ಗಂಡಸರ ಮೇಲೆ ಮನಸ್ಸು. ಅವಳು ಇನ್ನೂ ಚೂಟಿಯಾಗಿದ್ದಿದ್ರೆ, ಇನ್ನೂ ಬೆಳ್ಳಗಿದ್ದಿದ್ರೆ, ಅವನು ಬದಲಾಗ್ತಿದ್ನಾ?"

ಪೆಟ್ಟಿಗೆ ಮೇಡಂ ಕೈಯಲ್ಲಿದ್ದ ಚಿತ್ರಪಟವನ್ನು ಕೆಳಗಿಟ್ಟಳು. ನಿಯಮ ನಿಯಮವೇ. ಅವಳು ಪಕ್ಕದ ಮನೆಯವಳಿಗೇ ಉತ್ತರ ಹೇಳಿದಳು. "ಇಲ್ಲ. ಯಾವ ಹೆಂಗಸಾಗಿದ್ರೂ ಬದಲಾಗ್ತಿರ್ಲಿಲ್ಲ. ಅದು ಕಾಯಿಲೆ ಅಲ್ಲ, ಚಟಾನೂ ಅಲ್ಲ. ಅವನ ತಪ್ಪೂ ಅಲ್ಲ. ತಪ್ಪು ಆ ಮದುವೆ ಮಾಡಿಸಿದ ಸುಳ್ಳಿನದು."

"ಹಾಗಾದ್ರೆ ಅವಳದೇನೂ ತಪ್ಪಿರ್ಲಿಲ್ವಾ?"

"ಎಳ್ಳಷ್ಟೂ ಇರ್ಲಿಲ್ಲ."

ಅತ್ತೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲರಿಗಿಂತ ಮೊದಲು ಎದ್ದು ತನ್ನ ಗುಂಡಿಗಳ ಮೇಜಿಗೆ ಹೋದಳು. ಎಷ್ಟು ವರ್ಷ ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳೋ. ಅದರ ಉತ್ತರ ಬಲ್ಲವಳು ಅದೇ ಮನೆಯಲ್ಲಿ, ಗೋಡೆಯ ಆಚೆ ಮಲಗುತ್ತಿದ್ದಳು.

ಹುಡುಗಿ ಕಡೆಯವರು ಬಂದರು: ಅಪ್ಪ, ಅಜ್ಜಿ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅಮ್ಮ ಹೊಸ ಲೋಟಗಳಲ್ಲಿ ಕಾಫಿ ಕೊಟ್ಟಳು. ಅಜ್ಜಿ ತನ್ನ ಲೋಟವನ್ನು ಕಸೂತಿ ಬಟ್ಟೆ ಹೊದ್ದ ಪೆಟ್ಟಿಗೆಯ ಮೇಲಿಟ್ಟು, "ಚೆನ್ನಾಗಿದೆ ಮೇಜು" ಎಂದರು. ಮಾತು ಸಲೀಸಾಗಿ ಸಾಗಿತು. ತಮ್ಮ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಅದನ್ನು ನಾಚಿಕೆಯೆಂದು ಎಲ್ಲರೂ ಮೆಚ್ಚಿಕೊಂಡರು.

ಅಜ್ಜಿ ಲೋಕ ಕಂಡವರು. "ಗಂಡಿನ ತಾಯಿ ಮಗನನ್ನ ಹೊಗಳೋದು ಇದ್ದದ್ದೇ," ಎಂದರು. "ನಿಮ್ಮ ಬಳಗಕ್ಕೆ ಸೊಸೆಯಾಗಿ ಬಂದೋರು ಯಾರಾದ್ರೂ ಇದ್ರೆ ಹೇಳ್ಲಿ, ಕೇಳೋಣ."

ಅಮ್ಮನಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ತಾನೇ ಎದ್ದು ಹಿಂದಿನ ಕೋಣೆಗೆ ಹೋಗಿ ಅತ್ತೆಯನ್ನು ಕೈ ಹಿಡಿದು ಕರೆತಂದಳು. "ಇವಳು ನನ್ನ ತಮ್ಮನ ಹೆಂಡತಿ. ನಾನೇ ಆರಿಸಿ ತಂದೋಳು. ಹೇಳಮ್ಮಾ, ಹೇಗಿತ್ತು ನಿನ್ನ ಸಂಸಾರ?"

"ಚೆನ್ನಾಗೇ ಇತ್ತು," ಎಂದು ಅತ್ತೆ ಶುರು ಮಾಡಿದಳು. ಅಮ್ಮ ತಲೆಯಾಡಿಸಿದಳು. ಅತ್ತೆಯ ಕಣ್ಣು ಹುಡುಗಿಯ ಮೇಲೆ ಹೋಯಿತು. ತುಸು ಹೊತ್ತು ಅಲ್ಲೇ ನಿಂತಿತು.

"ನಮ್ಮ ಪಕ್ಕದ ಮನೆಯಲ್ಲೊಬ್ಬಳಿದ್ದಳು ಅಜ್ಜಿ. ಅವಳ ಗಂಡ ಬಲು ಒಳ್ಳೆಯೋನು. ಬೈದೋನಲ್ಲ, ಹೊಡೆದೋನಲ್ಲ. ಮನೆಗೆ ಬಂದ ನೆಂಟರ ಹತ್ರ ಹೇಗೆ ಮಾತಾಡ್ತೀವಿ, ಅವಳ ಹತ್ರ ಹಾಗೆ ಮಾತಾಡೋನು. ಒಂದು ಕೋಣೇಲಿ ಅವನು, ಒಂದು ಕೋಣೇಲಿ ಅವಳು. ಹಾಗೇ ಆಯಸ್ಸು ಕಳೀತು. ಮಕ್ಕಳಾಗ್ಲಿಲ್ಲ ಅಂತ ಜನ ಅವಳನ್ನೇ ಆಡಿಕೊಂಡ್ರು. ಅವಳೂ ಕನ್ನಡಿ ಮುಂದೆ ನಿಂತು ತನ್ನಲ್ಲೇನು ಕೊರತೆ ಅಂತ ಹುಡುಕ್ತಿದ್ದಳು. ಅವನ ಮನಸ್ಸು ಇನ್ನೊಬ್ಬ ಗಂಡಸಿನ ಹತ್ರ ಇತ್ತು. ಬಾಯಿ ಬಿಟ್ಟು ಹೇಳೋ ಹಾಗಿರ್ಲಿಲ್ಲ, ಪಾಪ. ಕಾಯಿಲೆ ಬಂತು, ಎಂಥದ್ದು ಅಂತ ಅವಳಿಗೂ ಗೊತ್ತಾಯ್ತು. ಆಸ್ಪತ್ರೆ ಪಕ್ಕದ ಬೀದೀಲೇ ಇತ್ತು. ಹೋದ್ರೆ ಯಾರಾದ್ರೂ ನೋಡ್ತಾರೆ, ಯಾಕೆ ಬಂದೆ ಅಂತ ಕೇಳ್ತಾರೆ ಅಂತ ಕೈಮೀರೋ ತನಕ ಹೋಗ್ಲಿಲ್ಲ. ಮಾತ್ರೆ ತಗೊಂಡಿದ್ರೆ," ಅತ್ತೆ ಉಗುಳು ನುಂಗಿದಳು, "ತಗೊಂಡಿದ್ರೆ, ನಮ್ಮೋರು ಇವತ್ತು ಈ ಕುರ್ಚಿ ಮೇಲೇ ಕೂತಿರ್ತಿದ್ರು."

ಅಮ್ಮ ಆ ಖಾಲಿ ಕುರ್ಚಿಯನ್ನು ನೋಡಿದಳು. ತಮ್ಮನನ್ನು ಹೊಟ್ಟೆ ಹುಣ್ಣಿನಲ್ಲಿ ಕಳೆದುಕೊಂಡೆನೆಂದು ನಂಬಿದ್ದವಳು ಅವಳು, ಮದುವೆ ಅವನನ್ನು ಸರಿಮಾಡಿತೆಂದೂ ನಂಬಿದ್ದಳು.

"ಇದನ್ನ ಈಗ ಯಾಕಮ್ಮಾ ಹೇಳ್ತಿದ್ದೀಯ?" ಅಜ್ಜಿ ಮೆಲ್ಲಗೆ ಕೇಳಿದರು.

"ನೀವು ಕೇಳಿದ್ರಲ್ಲ ಅಜ್ಜಿ. ನನ್ನ ಕಥೆ ಕೇಳಿದ್ರಿ, ನನ್ನದನ್ನ ಹೇಳಿದೆ. ಬೇರೆಯವರದು ನಂಗೆ ಗೊತ್ತಿಲ್ಲ." ಅತ್ತೆ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಮಾವನಿಗೆ ಮಾತು ಕೊಟ್ಟವಳು ಪೆಟ್ಟಿಗೆ ಮೇಡಂ, ಅತ್ತೆಯಲ್ಲ. ಅತ್ತೆಯ ಬಾಳು ಅತ್ತೆಯದೇ. ಅದನ್ನು ಹೇಳಲು ಅತ್ತೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ತಮ್ಮ ಎದ್ದು ನಿಂತ. ಅವನ ಧ್ವನಿ ಒಣಗಿತ್ತು. "ಅಜ್ಜಿ, ನಮ್ಮ ಮಾವನ ಹಾಗೇ ನಾನೂ. ನನ್ನ ಮನಸ್ಸು ಗಂಡಸರ ಕಡೆಗೇ ಹೋಗೋದು. ನಿಮ್ಮ ಮೊಮ್ಮಗಳನ್ನ ಮದುವೆಯಾದ್ರೆ ಅವರಿಗೆ ಮೋಸ ಮಾಡಿದ ಹಾಗೆ. ನೀವು ಇಲ್ಲೀವರೆಗೂ ಬರೋಕೆ ಮುಂಚೆನೇ ಹೇಳ್ಬೇಕಿತ್ತು. ತಪ್ಪಾಯ್ತು."

ಹುಡುಗಿಯ ಅಪ್ಪ ಕೆಂಪಗಾಗಿ ಎದ್ದರು. ಅಜ್ಜಿ ಅವರ ತೋಳು ಹಿಡಿದು, "ಸುಮ್ನಿರಪ್ಪಾ. ಹೇಳಿದ್ರಲ್ಲ, ಅದೇ ಪುಣ್ಯ" ಎಂದರು. ಹುಡುಗಿ ಬಾಗಿಲ ಹತ್ತಿರ ನಿಂತು ತಮ್ಮನನ್ನು ಕೇಳಿದಳು, "ಬಂದಾಗಿನಿಂದ ನನ್ನ ಕನ್ನಡಕಾನೇ ಕದ್ದು ಕದ್ದು ನೋಡ್ತಿದ್ರಲ್ಲ, ಯಾಕೆ?"

"ಎಡಗಡೆ ಕಡ್ಡಿ ಸಡಿಲ ಆಗಿದೆ. ಅಂಗಡಿಗೆ ಬನ್ನಿ, ಸರಿ ಮಾಡಿ ಕೊಡ್ತೀನಿ."

ಹುಡುಗಿಗೆ ನಗು ಬಂತು. ಆ ದಿನ ಆ ಮನೆಯಲ್ಲಿ ನಕ್ಕವಳು ಅವಳೊಬ್ಬಳೇ. ಹೋಗುವಾಗ ಅತ್ತೆಯ ಎರಡು ಕೈಗಳನ್ನೂ ಹಿಡಿದು ಒತ್ತಿ ಮೆಟ್ಟಿಲಿಳಿದಳು.

ಆ ವಾರವೆಲ್ಲ ಅಮ್ಮ ಮಗನಿಗೆ ತಟ್ಟೆ ಇಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅತ್ತೆ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಮುಂದಿನ ರಜೆಯ ದಿನ ಮೇಲಿನ ಮಹಡಿಯ ಯಜಮಾನರು ಕೆನ್ನೆ ಊದಿಸಿಕೊಂಡು ಬಂದಾಗ ಬಾಗಿಲು ತೆರೆದವಳು ಅಮ್ಮ. "ನನ್ನ ಮಗಳು ಹಲ್ಲಿನವಳಲ್ಲ," ಎಂದಳು. "ಅವಳದು ಬೇರೆ ಕೆಲಸ. ದೊಡ್ಡ ಕೆಲಸ. ನೀವು ಹಲ್ಲಿನ ಡಾಕ್ಟರ ಹತ್ರ ಹೋಗಿ." ಅವರು ಊದಿದ ಕೆನ್ನೆ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ವಾಪಸಾದರು.

ಅಮ್ಮ ಅಡುಗೆಮನೆಗೆ ಬಂದು ಮಗಳಿಗೆ ಬೆನ್ನು ಹಾಕಿ ನಿಂತಳು. ಒಲೆ ಒರೆಸತೊಡಗಿದಳು.

"ಪಕ್ಕದ ಮನೆಯಲ್ಲೊಬ್ಬಳಿದ್ದಾಳೆ," ಎಂದಳು. "ಗೊತ್ತಿಲ್ದೆ ಒಂದು ತಪ್ಪು ಮಾಡಿದ್ಲು. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಂದು ಮಾಡೋಕೆ ಹೊರಟಿದ್ಲು. ಅಂಥೋರು ಏನು ಮಾಡ್ಬೇಕು ಅಂತ ನಿನ್ನ ಪೆಟ್ಟಿಗೇಲಿ ಏನಾದ್ರೂ ಇದೆಯೇನೇ?"

ಮಗಳು ಯಾರೆಂದು ಕೇಳಲಿಲ್ಲ.

"ಯಾರಿಗೆ ನೋವಾಗಿದೆಯೋ ಅವರ ಪಕ್ಕದಲ್ಲಿ ಹೋಗಿ ಕೂತ್ಕೊಳ್ಳೋಕೆ ಹೇಳಮ್ಮಾ. ಮಾತು ಬರದೇ ಇದ್ರೂ ಪರವಾಗಿಲ್ಲ ಅಂತ ಹೇಳು."

ಅಮ್ಮ ಕೈ ಒರೆಸಿಕೊಂಡು ಹಿಂದಿನ ಕೋಣೆಗೆ ಹೋದಳು. ಅತ್ತೆಯ ಎದುರು ನೆಲದ ಮೇಲೆ ಕೂತು, ಹರಡಿದ್ದ ಗುಂಡಿಗಳಲ್ಲಿ ಬಿಳಿಯವನ್ನು ಒಂದು ಕಡೆ, ಕರಿಯವನ್ನು ಒಂದು ಕಡೆ ಆರಿಸಿಡತೊಡಗಿದಳು. ಅತ್ತೆ ಸೂಜಿ ನಿಲ್ಲಿಸಿ ನೋಡಿದಳು, ಮತ್ತೆ ಹೊಲಿದಳು. ಮಧ್ಯಾಹ್ನ ತಮ್ಮ ಅಂಗಡಿಯಿಂದ ಬಂದಾಗ ಇಬ್ಬರೂ ಹಾಗೇ ಕೂತಿದ್ದರು. ಅವನು ಹೊಸ್ತಿಲಲ್ಲೇ ನಿಂತ. ಅಮ್ಮ ಗುಂಡಿಗಳಿಂದ ತಲೆಯೆತ್ತಿ, ಆ ದಿನದ ಮೇಲೆ ಮೊದಲ ಸಲ ಮಗನ ಮುಖ ನೋಡಿದಳು.

"ಊಟ ಆಯ್ತೇನೋ?" ಎಂದು ಕೇಳಿದಳು.