ಗೊರಕೆ ನಿಂತ ಹೊತ್ತು

ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಗಿರಾಕಿ ತೂಕಡಿಸುವುದು ಎಲ್ಲ ಕಡೆ ಇದ್ದದ್ದೇ. ಆದರೆ ಕತ್ತಿ ಹಿಡಿದವನೇ ನಿಂತಲ್ಲೇ ತೂಕಡಿಸಿದರೆ ಏನು ಮಾಡಬೇಕು, ನೀವೇ ಹೇಳಿ. ಅವಳ ಗಂಡನ ಅಂಗಡಿಯಲ್ಲಿ ಆಗುತ್ತಿದ್ದದ್ದು ಅದೇ. ಗಲ್ಲಕ್ಕೆ ನೊರೆ ಹಚ್ಚುತ್ತ ಹಚ್ಚುತ್ತ ಅವನ ಕೈ ನಿಧಾನವಾಗುತ್ತಿತ್ತು, ರೆಪ್ಪೆ ಇಳಿಯುತ್ತಿತ್ತು, ಅದನ್ನು ಕನ್ನಡಿಯಲ್ಲಿ ಕಂಡ ಗಿರಾಕಿ ‘ಅಯ್ಯಯ್ಯೋ’ ಎಂದು ಕುರ್ಚಿಯಿಂದ ಅರ್ಧ ಎದ್ದುಬಿಡುತ್ತಿದ್ದ. ಬೀದಿಯವರು ಅವನಿಗೆ ‘ತೂಕಡಿಕೆ ಮಾಮ’ ಎಂದು ಹೆಸರಿಟ್ಟರು. ಬರಬರುತ್ತ ಗಡ್ಡಕ್ಕೆ ಬರುವವರು ನಿಂತೇಹೋದರು, ತಲೆಗೂದಲಿನವರಷ್ಟೇ ಉಳಿದರು. “ಕತ್ತರಿಯಿಂದ ಕುತ್ತಿಗೆ ಹೋಗಲ್ಲ ಅನ್ನೋ ಧೈರ್ಯ ಅವರಿಗೆ” ಎಂದು ಅವನೂ ನಗುತ್ತಿದ್ದ.

ಅವಳಿಗೆ ನಗು ಬರುತ್ತಿರಲಿಲ್ಲ. ಬ್ರೆಡ್ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಅವಳದು. ಬೆಳಕು ಹರಿಯುವ ಮುಂಚೆ ಎದ್ದು ಓಡಿ, ಬಿಸಿ ಬ್ರೆಡ್ಡನ್ನು ಚೀಲಕ್ಕೆ ತುಂಬಿ ತುಂಬಿ ಬೆರಳಲ್ಲಿ ಬೊಬ್ಬೆ ಎದ್ದವಳು. ಮನೆಗೆ ಬಂದರೆ ಈ ಮಹಾರಾಯ ಊಟದ ತಟ್ಟೆಯ ಮುಂದೆ ತಲೆ ತೂಗುತ್ತ ಕೂತಿರುತ್ತಿದ್ದ.

“ರಾತ್ರಿಯಿಡೀ ಗಡದ್ದಾಗಿ ಮಲಗಿ ಎದ್ದವರಿಗೆ ಇನ್ನೂ ಎಂಥ ನಿದ್ದೆ ರೀ? ಮೈಗಳ್ಳತನಕ್ಕೂ ಒಂದು ಮಿತಿ ಬೇಡವಾ?”

“ಮಲಗಿದ್ದು ಮಲಗಿದ ಹಾಗೇ ಆಗಲ್ಲ ಕಣೇ. ಬೆಳಗ್ಗೆ ಎದ್ರೆ ಯಾರೋ ಹೊಡೆದು ಹಾಕಿದ ಹಾಗಿರುತ್ತೆ.”

ಈ ಮಾತನ್ನು ಅವನು ಒಂದಲ್ಲ ನೂರು ಸಲ ಹೇಳಿದ್ದ. ಅವಳು ಒಂದು ಸಲವೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಚ್ಚೆಂದರೆ ಮೆಡಿಕಲ್ ಶಾಪಿನಿಂದ ಒಂದು ಟಾನಿಕ್ ಬಾಟಲಿ ತಂದು ಟಕ್ಕೆಂದು ಮುಂದೆ ಇಟ್ಟಳು, ಅಷ್ಟೇ.

ಡಾಕ್ಟರ ಮಾತು ಎದ್ದದ್ದು ಮೊಮ್ಮಗಳು ಹುಟ್ಟಿದ ಮೇಲೆ. ಎರಡು ಬೀದಿ ಆಚೆ ಇರುವ ಮಗಳು ಒಂದು ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಬಂದಿದ್ದಳು. ತಾತ ತೊಡೆಯ ಮೇಲೆ ಮಲಗಿಸಿಕೊಂಡು ಅದರ ಹೆಬ್ಬೆರಳು ಹಿಡಿದು ಆಡಿಸುತ್ತಿದ್ದ. ತಾಯಿ ಮಗಳು ಮಾತಿನಲ್ಲಿದ್ದರು. ನೋಡನೋಡುತ್ತಿದ್ದಂತೆ ಅವನ ತಲೆ ಎದೆಗೆ ವಾಲಿತು, ತೋಳು ಸಡಿಲವಾಯಿತು, ಮಗು ಮೊಣಕಾಲಿನ ಮೇಲಿಂದ ಜಾರಿತು. ಮಗಳು ಚಂಗನೆ ಹಾರಿ ಹಿಡಿದುಕೊಂಡಳು. ಮಗುವಿಗೆ ಏನೂ ಆಗಲಿಲ್ಲ, ಪುಣ್ಯ. ಮಗಳು ಅದನ್ನು ಎದೆಗವಚಿಕೊಂಡು ಅಪ್ಪನ ಕಡೆ ತಿರುಗಿದಳು.

“ನನ್ನ ಸ್ಕೂಲಿನ ನಾಟಕಕ್ಕೆ ಬಂದು ಮುಂದಿನ ಸಾಲಲ್ಲಿ ಗೊರಕೆ ಹೊಡೆದೆ. ಎಲ್ಲರೂ ನಕ್ಕರು, ನಾನು ನುಂಗಿಕೊಂಡೆ. ಯಾವತ್ತಾದ್ರೂ ಒಂದು ಮಾತು ಪೂರ್ತಿ ಕೇಳಿದ್ದೀಯಾ ನೀನು? ಅದೂ ಹೋಗಲಿ. ಆದ್ರೆ ಇವಳನ್ನ ಇನ್ನು ನಿನ್ನ ಕೈಗೆ ಕೊಡಲ್ಲ ಅಪ್ಪ.”

ಮಾರನೆಯ ದಿನ ಅವನು ಅಂಗಡಿ ತೆಗೆಯದೆ, ಮಡಿಸಿಟ್ಟ ಒಳ್ಳೆಯ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. “ನಡಿ, ಡಾಕ್ಟರ ಹತ್ರ ಹೋಗೋಣ. ಮಗೂನ ಎತ್ಕೋಬೇಕು ನಾನು.”

ಅವಳು ಮೊದಲ ಬಾರಿಗೆ ಎದುರು ಮಾತಾಡದೆ ಚಪ್ಪಲಿ ಮೆಟ್ಟಿಕೊಂಡಳು.

ದೊಡ್ಡಾಸ್ಪತ್ರೆಯಲ್ಲಿ ನಿದ್ದೆಯ ತೊಂದರೆಗೆಂದೇ ಒಬ್ಬ ಡಾಕ್ಟರಮ್ಮ ಇದ್ದರು. ಅವನ ಬಾಯಿ ತೆರೆಸಿ ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿದರು. ಆಮೇಲೆ ಟೇಪು ತೆಗೆದು ಕುತ್ತಿಗೆಯ ಅಳತೆ ತೆಗೆದುಕೊಂಡರು.

“ಶರ್ಟು ಹೊಲಿಸಿ ಕೊಡ್ತೀರಾ ಡಾಕ್ಟ್ರೇ?” ಎಂದ ಅವನು.

ಡಾಕ್ಟರಮ್ಮ ನಕ್ಕರು. ನಗುತ್ತಲೇ ಅವಳ ಕಡೆ ತಿರುಗಿದರು. “ಇವರು ಮಲಗಿದ್ದಾಗ ಏನಾಗುತ್ತೆ ಅಂತ ಇವರನ್ನ ಕೇಳಿ ಪ್ರಯೋಜನ ಇಲ್ಲ. ನೀವು ಹೇಳಿ ಅಮ್ಮ. ಗೊರಕೆ ಹೊಡೀತಾ ಹೊಡೀತಾ ಒಮ್ಮೆಲೇ ಸದ್ದಡಗಿ, ಉಸಿರೇ ನಿಂತುಹೋಗಿ, ಆಮೇಲೆ ಗಕ್ಕಂತ ಎಳ್ಕೊಳ್ತಾರಾ?”

“ನಾನು ಬೇರೆ ಕೋಣೇಲಿ ಮಲಗ್ತೀನಿ” ಎಂದಳು. ಸುಳ್ಳೇನಲ್ಲ.

“ಹಾಗಾದ್ರೆ ಯಂತ್ರ ಕಟ್ಟಿ ಮಲಗಿಸಿ ನೋಡಬೇಕು. ನಮ್ಮಲ್ಲಿ ಅದಕ್ಕೆ ಇರೋದು ಒಂದೇ ಕೋಣೆ, ಸರದಿ ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ಉಸಿರು ನಿಲ್ಲೋದನ್ನ ಕಂಡವರು ಇದ್ರೆ ಬೇಗ ಕರೆಸ್ಕೋತೀನಿ. ಇಲ್ದಿದ್ರೆ ಕಾಯಬೇಕು.”

“ತಿಂಗಳುಗಟ್ಟಲೆನಾ?” ಎಂದ ಅವನು ತನಗೆ ತಾನೇ ಹೇಳಿಕೊಳ್ಳುವಂತೆ. “ಅಷ್ಟೊತ್ತಿಗೆ ಮಗು ಓಡಾಡ್ತಿರುತ್ತೆ. ಆಮೇಲೆ ನನ್ನ ತೊಡೆ ಯಾರಿಗೆ ಬೇಕು?”

ಅವಳು ನೆಲ ನೋಡಿದಳು. ಮಗಳು ಎಳೆಗೂಸಾಗಿದ್ದಾಗಿನ ದಿನಗಳು ನೆನಪಾದವು. ಪಕ್ಕದಲ್ಲಿ ಇವನ ಗೊರಕೆಗೆ ಮಂಚವೇ ಅದುರುತ್ತಿತ್ತು. ಮಗು ಆಗ ತಾನೇ ಮಲಗಿರುತ್ತಿತ್ತು, ಬೆಳಗಿನ ಪಾಳಿ ತಲೆಯ ಮೇಲೆ ಕೂತಿರುತ್ತಿತ್ತು. ಆಗ ಇದ್ದಕ್ಕಿದ್ದಂತೆ ಗೊರಕೆ ನಿಲ್ಲುತ್ತಿತ್ತು. ಅಬ್ಬಾ, ಸದ್ಯ ನಿಂತಿತು! ಹೊರಟ ಬಸ್ಸಿಗೆ ಓಡಿ ಹತ್ತುವವಳ ಹಾಗೆ ಅವಳು ಆ ಹೊತ್ತಿನಲ್ಲಿ ದಡಬಡನೆ ನಿದ್ದೆಗೆ ಇಳಿಯುತ್ತಿದ್ದಳು. ಅದನ್ನೇ ಅಭ್ಯಾಸ ಮಾಡಿಕೊಂಡಿದ್ದಳು. ಗೊರಕೆ ನಿಂತಿತಲ್ಲ, ಉಸಿರು ಎಲ್ಲಿ ಹೋಯಿತು ಎಂದು ಒಂದು ದಿನ ತಿರುಗಿ ನೋಡಬಾರದಿತ್ತೇ? ನೋಡಲಿಲ್ಲ. ಅವನು ಗಕ್ಕೆಂದು ಉಸಿರೆಳೆದು ಮತ್ತೆ ಶುರುಮಾಡಿದಾಗ ಮೈ ಉರಿದುಹೋಗುತ್ತಿತ್ತು. ಕೊನೆಗೊಂದು ದಿನ ಹಾಸಿಗೆ ಸುತ್ತಿಕೊಂಡು ಅಡುಗೆಮನೆ ಪಕ್ಕದ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಚಿಲಕ ಇವತ್ತಿಗೂ ಹಾಗೇ ಇದೆ.

“ನಿಲ್ಲುತ್ತೆ ಡಾಕ್ಟ್ರೇ” ಎಂದಳು. “ಉಸಿರು ನಿಲ್ಲುತ್ತೆ. ನಾನು ಕೇಳಿದ್ದೀನಿ. ಮಗಳು ಕೈಗೂಸಾಗಿದ್ದಾಗಿಂದ ಗೊತ್ತು. ಗೊರಕೆ ನಿಂತಾಗ ಸದ್ಯ ಅಂದ್ಕೊಂಡು ನಾನು ಮಲಗಿಬಿಡ್ತಿದ್ದೆ.”

ಡಾಕ್ಟರಮ್ಮ ಬೈಯಲಿಲ್ಲ. ಮಲಗಿದಾಗ ಇಂಥವರ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ಮೈ ಗಾಬರಿಬಿದ್ದು ಎಬ್ಬಿಸುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ, ಹೀಗೆ ರಾತ್ರಿಯಿಡೀ ಎದ್ದು ಬಿದ್ದು ಎದ್ದು ಬಿದ್ದು ಕಳೆಯುತ್ತಾರೆ, ಎದ್ದದ್ದು ಅವರಿಗೇ ನೆನಪಿರುವುದಿಲ್ಲ ಎಂದು ಬಿಡಿಸಿ ಹೇಳಿದರು. ಇದು ಸೋಮಾರಿತನವಲ್ಲ, ಕಾಯಿಲೆ. ಇದಕ್ಕೆ ಉಪಾಯ ಇದೆ ಎಂದರು. ‘ಸೋಮಾರಿತನ’ ಎಂಬ ಮಾತಿಗೆ ಅವಳು ನಾಲಿಗೆ ಕಚ್ಚಿಕೊಂಡಳು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು.

“ಹೋಗಲಿ ಬಿಡೇ” ಎಂದ ಅವನು. “ನನಗಿಲ್ಲದ ನಿದ್ದೆ ನಿನಗಾದ್ರೂ ಸಿಕ್ತಲ್ಲ.”

ಚುಚ್ಚಿ ಆಡಿದ ಮಾತಲ್ಲ ಅದು, ನಿಜವಾಗಿಯೂ ಸಮಾಧಾನ ಹೇಳುತ್ತಿದ್ದ. ಅದೇ ಅವಳಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಿರುಗಿ ಎರಡು ಬೈದು ಹಗುರಾಗಬಹುದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೋಗಿಬರುವವರ ಮುಂದೆಯೇ ಅತ್ತಳು.

ಪರೀಕ್ಷೆ ಬೇಗನೇ ಆಯಿತು. ಮನೆಗೆ ಒಂದು ಯಂತ್ರ ಬಂತು. ಮೂಗಿಗೆ ಕಟ್ಟಿಕೊಳ್ಳುವ ಮುಖವಾಡ, ಅದಕ್ಕೆ ಗಾಳಿ ಒತ್ತುವ ಉದ್ದನೆ ಕೊಳವೆ. “ಆನೆ ಆಗಿಬಿಟ್ಟೆ ನೋಡೇ” ಎಂದು ಅವನು ಕೊಳವೆ ಎತ್ತಿ ತೋರಿಸಿದ. ಅವಳು ಹಾಸಿಗೆ ಸುತ್ತಿಕೊಂಡು ವಾಪಸ್ಸು ಅವನ ಪಕ್ಕಕ್ಕೆ ಬಂದಳು. ಗೊರಕೆ ಇಲ್ಲ, ಗಕ್ಕೆನ್ನುವುದಿಲ್ಲ, ಯಂತ್ರದ ಸಣ್ಣ ಸುಯ್‌ ಅಷ್ಟೇ. ಈಗ ಅವಳಿಗೇ ನಿದ್ದೆ ಹತ್ತುವುದಿಲ್ಲ. ಅವನ ಎದೆಯ ಮೇಲೆ ಕೈಯಿಟ್ಟು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಬಿದ್ದಿರುತ್ತಾಳೆ.

ಅಂಗಡಿಯ ರಜೆಯ ದಿನ ಮಗಳು ಬಂದಳು. ಅಪ್ಪನನ್ನು ನೋಡಿ ಅನುಮಾನದಿಂದಲೇ ನಿಂತಳು, ಆಮೇಲೆ ಮಗುವನ್ನು ಅವನ ತೊಡೆಯ ಮೇಲೆ ಇಟ್ಟು ಪಕ್ಕದಲ್ಲೇ ಕಾವಲು ಕೂತಳು. ಅವನು ಮಗುವಿಗೆ ಕಥೆ ಶುರುಮಾಡಿದ. ತಾನು ಮೊದಲ ಸಲ ಕತ್ತರಿ ಹಿಡಿದು ಒಬ್ಬ ಪೈಲ್ವಾನನ ಮೀಸೆಯನ್ನು ಒಂದೇ ಕಡೆ ಹಾರಿಸಿ, ಕಿಟಕಿಯಿಂದ ನೆಗೆದು ಓಡಿದ ಕಥೆ. ಪೈಲ್ವಾನನ ಹಾಗೆ ಗುಟುರು ಹಾಕಿದ, ಕಣ್ಣು ಕೆಕ್ಕರಿಸಿದ. ಮಗು ಬೊಚ್ಚುಬಾಯಿ ಬಿಟ್ಟು ನಕ್ಕಿತು. ಒಂದು ಆಕಳಿಕೆ ಇಲ್ಲ.

ಸ್ವಲ್ಪ ಹೊತ್ತಿಗೆ ಕಾವಲು ಬಿಟ್ಟು ಮಗಳು ಅಡುಗೆಮನೆಗೆ ಬಂದಳು. “ಅಮ್ಮ, ಅಪ್ಪ ಇಷ್ಟೊಂದು ಮಾತಾಡ್ತಾನಾ?”

“ನೀನು ಹುಟ್ಟೋ ಮುಂಚೆ ಹೀಗೇ ಇದ್ರು. ಅಂಗಡಿ ತುಂಬ ಜನ. ಕಟಿಂಗಿಗಲ್ಲ, ಇವರ ಕಥೆಗೆ ಅಂತಲೇ ಬರೋರು.”

“ಮತ್ತೆ ಈ ಅಪ್ಪ ನನಗ್ಯಾಕೆ ಸಿಗಲಿಲ್ಲ?”

ಅವಳು ಒಲೆ ಆರಿಸಿದಳು. ಹೇಳದೆ ಇರಬಹುದಿತ್ತು. ಆದರೂ ಗೊರಕೆ ನಿಲ್ಲುತ್ತಿದ್ದದ್ದು, ತಾನು ಮಲಗಿಬಿಡುತ್ತಿದ್ದದ್ದು, ಚಿಲಕ, ಎಲ್ಲವನ್ನೂ ಹೇಳಿದಳು. ಮಗಳು ಅವಳ ಮುಖವನ್ನೇ ನೋಡಿದಳು. ‘ಬಿಡಮ್ಮ’ ಎನ್ನಲಿಲ್ಲ, ಬೈಯಲೂ ಇಲ್ಲ. ಹೊರಗೆ ಹೋಗಿ ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಳು.

“ಮೊದಲಿಂದ ಹೇಳಪ್ಪ” ಎಂದಳು. “ನಾನು ಕೇಳೇ ಇಲ್ಲ.”