ಬಟ್ಟೆ ಪಟ್ಟಿ, ತತ್ತಿ ಪಟ್ಟಿ

ಗುಲಾಬಬಿ ಸೋಮೇಶನ ಮೊಣಕಾಲ ಚಿಪ್ಪಿನ ಪಕ್ಕ ಹೆಬ್ಬೆರಳಿಟ್ಟು ಒತ್ತಿದಳು. ಒಳಗೆ ಏನೋ ಸರಿದು, ಮತ್ತೆ ಬಂದು ಕೂತಿತು. ಸೋಮೇಶ ಟವೆಲಿನ ಅಂಚು ಕಚ್ಚಿಕೊಂಡಿದ್ದ.

"ನೋವಿಲ್ಲ ಚಾಚಿ," ಎಂದ, ಅವಳು ಕೇಳುವ ಮೊದಲೇ.

ಹೊಸ್ತಿಲಲ್ಲಿ ನಿಂತಿದ್ದ ಗೋಲ್‌ಕೀಪರ್ ತೌಹೀದ ಅವಸರ ಮಾಡಿದ. "ಜಲ್ದಿ ಕಟ್ರಿ ಚಾಚಿ. ಧಾರವಾಡದವರು ಬಂದು ನಮ್ಮ ಮಿರ್ಚಿ ಭಜಿ ತಿನ್ನಾಕ ಹತ್ಯಾರ. ಹೊಟ್ಟಿ ಹಿಡ್ಕೊಂಡು ಓಡೋದು ನೋಡಬೇಕ."

"ನೀ ಮೂರು ಪ್ಲೇಟ ತಿಂದೀಯಲ್ಲ, ಅದನ್ನ ಹೇಳಲೇ," ಎಂದ ಸೋಮೇಶ.

ಹೊರಸಿನ ಮೇಲೆ ಕೂತಿದ್ದ ಅವಳ ಗಂಡ ಲಾಡಸಾಬ ಗಡಿಯಾರ ನೋಡುತ್ತಿದ್ದ. ಗದಗ ಜಿಲ್ಲೆಯಾಗಿ ಒಂದು ವರ್ಷವಾಗಿತ್ತು. ಅಲ್ಲಿಯವರೆಗೆ ಇಲ್ಲಿಯವರೆಲ್ಲ ಧಾರವಾಡ ಜಿಲ್ಲೆಯ ಅಂಗಿ ತೊಟ್ಟೇ ಆಡುತ್ತಿದ್ದರು. ಸ್ಟ್ರೈಕರ್ ಆಗಿದ್ದ ಕಾಲದಲ್ಲಿ ಅವನೂ ಅದನ್ನೇ ತೊಟ್ಟಿದ್ದ. ಇವತ್ತು ಮೊದಲ ಸಲ ಗದಗಿನ ಫುಟ್‌ಬಾಲ್ ತಂಡ ಧಾರವಾಡದ ಎದುರು ಇಳಿಯುವುದಿತ್ತು. ಗೆದ್ದರೆ ಅವನನ್ನೇ ಕಾಯಂ ಕೋಚ್ ಮಾಡುವುದಾಗಿ ಸಂಘದವರು ಹೇಳಿದ್ದರು. ಗೋಲು ಹೊಡೆಯಬಲ್ಲವನು ಸೋಮೇಶ ಒಬ್ಬನೇ.

ಲಕ್ಷ್ಮೇಶ್ವರದಲ್ಲಿ ಗುಲಾಬಬಿಯ ತವರಿನವರು ಎಲುಬು ಕೂಡಿಸುವವರು. ಆಟಗಾರರಲ್ಲಿ ಒಂದು ರೂಢಿ ಬಿದ್ದುಹೋಗಿತ್ತು: ಅವಳು ಬಟ್ಟೆಯ ಪಟ್ಟಿ ಬಿಗಿದರೆ ಆಡಬಹುದು, ತತ್ತಿಯ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸಿ ಹಚ್ಚಿದರೆ ತಿಂಗಳು ಮನೆಯಲ್ಲೇ. ಈ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಅವಳು ಬಟ್ಟಲೆಳೆದುಕೊಂಡು ಒಂದು ತತ್ತಿ ಒಡೆದಳು.

"ಅದ್ಯಾಕ?" ಲಾಡಸಾಬ ತಿರುಗಿದ. "ಬಟ್ಟಿ ಕಟ್ಟು."

"ಇದು ಆಡೋ ಕಾಲಲ್ರಿ."

"ಅರ್ಧ ತಾಸು ಸಾಕ. ಒಂದು ಗೋಲ್ ಆತು ಅಂದ್ರ ಹೊರಗ ಕರೀತೀನಿ. ನಂಗ ಕಟ್ಟಿರಲಿಲ್ಲೇನು ನೀ? ಇದಕ್ಕಿಂತ ಬಾತಿತ್ತು."

"ಕಟ್ರಿ ಚಾಚಿ," ಎಂದ ಸೋಮೇಶ. "ನಂದೇನೂ ತಕರಾರಿಲ್ಲ."

ಬೆಟಗೇರಿಯಲ್ಲಿ ಅವನದು ಕುಣಿಮಗ್ಗ. ನಾಳೆ ಬೆಳಿಗ್ಗೆ ಇದೇ ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯಬೇಕು.

ಹತ್ತೊಂಬತ್ತು ವರ್ಷದಿಂದ ಲಾಡಸಾಬ ಆ ಕಥೆ ಹೇಳುತ್ತಲೇ ಬಂದಿದ್ದ. ಮದುವೆಯಾದ ಎರಡನೆಯ ತಿಂಗಳು. ಹೆಂಡತಿ ಕಟ್ಟಿದ ಪಟ್ಟಿ. ಅದರ ಬಲದಿಂದ ಎರಡು ಗೋಲು. ಮರುದಿನ ಕಾಲು ನಿಲ್ಲಲಿಲ್ಲ, ಮತ್ತೆ ಆಡಲಾಗಲಿಲ್ಲ, ಅದು ನಸೀಬು. ಹೊಸ ಹುಡುಗರು ಬಂದಾಗಲೆಲ್ಲ ಅವಳತ್ತ ಕೈ ತೋರಿಸಿ ಹೇಳುವನು. ಆಗೆಲ್ಲ ಅವಳು ಚಹಾದ ನೆಪ ಮಾಡಿ ಒಳಗೆ ಹೋಗಿಬಿಡುವಳು.

ಮನೆಯಲ್ಲಿ ಗಂಡ ಹೆಂಡತಿಯದು ಉರ್ದು. ಉರ್ದುವಿನಲ್ಲಿ ಹೇಳಿದ್ದರೆ ಮಾತು ಅರ್ಧವಾದರೂ ಅವರಿಬ್ಬರ ನಡುವೆ ಉಳಿಯುತ್ತಿತ್ತು. ಸೋಮೇಶನಿಗೆ ಪೂರ್ತಿ ತಿಳಿಯಲೆಂದು ಅವಳು ಕನ್ನಡದಲ್ಲೇ ಹೇಳಿದಳು.

"ಅವತ್ತ ನಿಮ್ಮ ಕಾಲೂ ಒಳಗ ಹಿಂಗ ಸರಿದಿತ್ತು. ನನ್ನ ಕೈಗೆ ಹತ್ತಿತ್ತು. ನಿಮ್ಮಪ್ಪ ಕಟ್ಟು ಅಂದ್ರು. ಅಂಗಳದಾಗ ಅಷ್ಟು ಮಂದಿ ಗಂಡಸರು ನಿಂತಿದ್ರು. ಅಂಜಿದ್ನಿ. ಗೊತ್ತಿದ್ದೂ ಕಟ್ಟಿದ್ನಿ."

ಲಾಡಸಾಬ ಅವಳ ಮುಖ ನೋಡಲಿಲ್ಲ, ಕೈ ನೋಡಿದ. "ಖರೇನ?"

"ಖರೆ."

"ಎಷ್ಟು ಮಂದಿ ಮುಂದ ಹೇಳೀನಿ ನಾ." ಅವನ ದನಿ ಇಳಿಯಿತು. "ಒಳಗ ಹೋಗಿ ನಗತಿದ್ದಿಯೇನು?"

"ಇಲ್ರಿ."

ಅವನು ಬಾಗಿಲತ್ತ ತಿರುಗಿ, "ತೌಹೀದ, ಇವನ ಬದಲಿ ಬೂಟ ಹಾಕ್ಕೋ ಅಂತ ದೇವಪ್ಪಗ ಹೇಳ ಹೋಗು," ಎಂದ.

"ದೇವಪ್ಪಗ? ಸರ್, ಅವನ ಕಾಲು ಚೆಂಡಿಗಿ ಹತ್ತಿದ್ದು ಈ ಜಿಲ್ಲಾದಾಗ ಯಾರೂ ನೋಡಿಲ್ಲ."

ತೌಹೀದ ಹೊರಟುಹೋದ. ಸೋಮೇಶ ಕಾಲನ್ನು ಅವಳ ಮಡಿಲಲ್ಲೇ ಬಿಟ್ಟು ಮುಖ ಆಚೆ ತಿರುಗಿಸಿದ. "ಇವತ್ತೊಂದಿನ ಬಿಡಬೇಕಿತ್ರಿ ಚಾಚಿ," ಎಂದ. ಅವಳು ಹಿಟ್ಟು ಕಲಸಿ ಹಚ್ಚಿದಳು, ಅರಿವೆ ಸುತ್ತಿದಳು.

ಲಾಡಸಾಬನಿಗೆ ಹೊರಸಿನಿಂದ ಒಬ್ಬನೇ ಏಳಲಾಗದು. ಕೈ ಚಾಚುತ್ತಾನೆ, ಅವಳು ಎಳೆದು ಎಬ್ಬಿಸುತ್ತಾಳೆ. ವರ್ಷಗಳಿಂದ ಮಾತಿಲ್ಲದೆ ನಡೆದುಬಂದ ರೂಢಿ ಅದು. ಅವಳು ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಹೋಗಿ ಕೈ ಚಾಚಿದಳು. ಅವನು ಗೋಡೆಗೆ ಅಂಗೈ ಊರಿ, ಹಲ್ಲು ಕಚ್ಚಿ, ತಾನೇ ಎದ್ದ.

ಗೋಡೆಯ ಸುಣ್ಣ ಅವನ ಅಂಗೈಗೆ ಮೆತ್ತಿತ್ತು. ಅದನ್ನು ಒರೆಸಿಕೊಳ್ಳದೆ, ಒಂದೊಂದೇ ಮೆಟ್ಟಿಲು ನೋಡಿಕೊಂಡು, ಅವನು ಬಿಸಿಲಿಗೆ ಇಳಿದ.