ಮೀನಲ್ಲಿರುವವನು

ಕೀರನ್ ಓಡ್ಲಿಂಗನಿಗೆ ಉದ್ಯೋಗ ಇರಲಿಲ್ಲ. ಕೆಲಸ ಇತ್ತು. ಆ ಏಪ್ರಿಲ್‌ನಲ್ಲಿ ನಾಲ್ಕು ಕೆಲಸಗಳಿದ್ದವು. ಸೋಮವಾರ, ಮಂಗಳವಾರ ಇಂಗ್ಲೆಂಡಿನ ಬಂದರು ಪಟ್ಟಣ ಗ್ರಿಮ್ಸ್‌ಬಿಯ ಡಾಕ್ ಪಕ್ಕದ ಕಾರ್ಖಾನೆಯಲ್ಲಿ ಮೀನು ಪ್ಯಾಕ್ ಮಾಡುತ್ತಿದ್ದ. ಬುಧವಾರ ಅಲ್ಲೇ ಹಿಂದುಗಡೆಯ ಶೈತ್ಯಾಗಾರದಲ್ಲಿ ಪೆಟ್ಟಿಗೆ ಎತ್ತುತ್ತಿದ್ದ. ಗುರುವಾರ, ಶುಕ್ರವಾರ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ. ವಾರದ ಕೊನೆಗೆ ಕ್ಲೀಥಾರ್ಪ್ಸ್ ಕಡಲ ದಂಡೆಯಲ್ಲಿ ಕರಿದ ಮೀನು ಮಾರುವ ಚಿಪ್ಸ್ ಅಂಗಡಿಯ ಮುಂದೆ ಹ್ಯಾಡಕ್ ಮೀನಿನ ವೇಷ ಹಾಕಿಕೊಂಡು ಮಕ್ಕಳಿಗೆ ಕೈ ಬೀಸುತ್ತಿದ್ದ. ಕೈ ಅಂದರೆ ಈಜುರೆಕ್ಕೆ. ಮಾರ್ಚ್‌ನಲ್ಲಿ ಇವುಗಳಲ್ಲಿ ಎರಡು ಇರಲಿಲ್ಲ, ಬೇರೆ ಮೂರು ಇದ್ದವು. ಮೇ ಹೊತ್ತಿಗೆ ಏನಿರುತ್ತದೆ ಎಂದು ಕೆಲಸ ಕೊಡುವ ಏಜೆನ್ಸಿಗೇ ಗೊತ್ತಿರಲಿಲ್ಲ.

ಏಜೆನ್ಸಿಯ ಮೆಸೇಜು ಯಾವಾಗಲೂ ಒಂದೇ ಥರ ಬರುತ್ತಿತ್ತು. ಇಂಥ ಜಾಗ, ಇಷ್ಟು ಗಂಟೆ, ಸ್ವಂತ ಗಾಡಿ ಇದೆಯಾ, ಹೌದು ಅಥವಾ ಇಲ್ಲ. ಅವನು ಅಜ್ಜಿಯ ಮನೆಯಲ್ಲಿದ್ದ, ಊರಿನಿಂದ ಎಂಟು ಮೈಲಿ ಹೊರಗೆ. ಪಾಳಿ ಆರಕ್ಕೆ ಶುರು. ಮೊದಲ ಬಸ್ಸು ಏಳು ಹತ್ತಕ್ಕೆ. ಹಾಗಾಗಿ ಚಿಪ್ಸ್ ಅಂಗಡಿಯೊಂದನ್ನು ಬಿಟ್ಟು ಅವನಿಗಿದ್ದ ಎಲ್ಲ ಕೆಲಸಗಳೂ ಆ ‘ಹೌದು’ ಎಂಬ ಒಂದು ಮಾತಿನ ಮೇಲೆ ನಿಂತಿದ್ದವು. ಆ ‘ಹೌದು’ ಮಾತ್ರ ಹದಿನಾಲ್ಕು ವರ್ಷ ಹಳೆಯ ಬಿಳಿ ಕೋರ್ಸಾ ಕಾರಿನ ಮೇಲೆ ನಿಂತಿತ್ತು. ಕಾರು ಅಜ್ಜಿಯದು. ಇನ್ನು ಮೇಲೆ ಗಾಡಿ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ಡೋರೀನ್ ಅಜ್ಜಿ ಮನೆಗೆ ಬಂದು ಕೀಲಿಯನ್ನು ಮೊಮ್ಮಗನ ಎದೆಗೆ ಎಸೆದಿದ್ದಳು. “ತಗೋ. ನಂಗೆ ಕಾಣಲ್ಲವಂತೆ. ನಿನ್ನ ಮುಖ ಕಾಣದಿದ್ರೆ ಅಷ್ಟೇನೂ ನಷ್ಟ ಇಲ್ಲ.”

ಏಪ್ರಿಲ್‌ನಲ್ಲಿ ಕಾರಿನ ವಿಮೆ ಮಾಡಿಸಬೇಕಿತ್ತು. ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟುಕೊಂಡು ಇಬ್ಬರೂ ಕೂತರು. ಹೆಸರು, ವಿಳಾಸ, ವಯಸ್ಸು ಎಲ್ಲ ಸರಾಗವಾಗಿ ಹೋಯಿತು. ‘ನಿಮ್ಮ ಉದ್ಯೋಗ’ ಎನ್ನುವಲ್ಲಿ ಗಾಡಿ ನಿಂತಿತು. ಪಟ್ಟಿ ಉದ್ದ ಇತ್ತು, ಆರಿಸಿಕೊಳ್ಳಬೇಕಾದ್ದು ಒಂದೇ.

“ಏನೇನಿದೆ ಓದು,” ಎಂದಳು ಅಜ್ಜಿ.

“ಗಡಿಯಾರ ರಿಪೇರಿಯವನು. ಗಿಡುಗ ಸಾಕೋನು. ಪಾದ್ರಿ.”

“ಪಾದ್ರಿ ಹಾಕು, ಕಮ್ಮಿಗೆ ಸಿಗಬಹುದು.”

“ಎಲ್ಲರೂ ಹಂಗೇ ಮಾಡ್ತಾರೆ ಅಜ್ಜಿ. ಲಾಂಡ್ರೀಲಿ ಒಬ್ಬ ಇದ್ದಾನೆ, ಕಾಗದದ ಮೇಲೆ ಅವನು ಲೈಬ್ರೇರಿಯನ್. ಬೋರ್ಡು ಓದೋಕ್ಕೂ ಬರಲ್ಲ ಅವನಿಗೆ.”

“ತಮಾಷೆಗೆ ಅಂದೆ ಕಣೋ ಕತ್ತೆ. ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳು. ಗಂಡನಿಗೆ ಸುಳ್ಳು ಹೇಳು, ಪಾದ್ರಿಗೆ ಹೇಳು, ಇನ್ಶೂರೆನ್ಸಿನೋರಿಗೆ ಮಾತ್ರ ಹೇಳ್ಬೇಡ. ಅವರು ಮಾತ್ರ ಪರೀಕ್ಷೆ ಮಾಡಿ ನೋಡ್ತಾರೆ.”

ಅವನು ಫೋನ್ ಮಾಡಿದ. ಕಾಯಿರಿ ಎಂದು ಇಪ್ಪತ್ತು ನಿಮಿಷ ಪಿಯಾನೋ ಕೇಳಿಸಿದ ಮೇಲೆ ವೇಲ್ಸ್ ಕಡೆಯ ರಾಗದ ಗಂಡುದನಿಯೊಂದು ಬಂತು. ಹೆಸರು ಗೆರಾಂಟ್ ಎಂದಿತು. ಈ ಮಾತುಕತೆ ರೆಕಾರ್ಡ್ ಆಗುತ್ತಿದೆ ಎಂದೂ ಹೇಳಿತು.

“ನಿಮ್ಮ ಮುಖ್ಯ ಉದ್ಯೋಗ ಏನು ಸರ್?”

“ಮುಖ್ಯ ಅಂದ್ರೆ?”

“ಜಾಸ್ತಿ ಹೊತ್ತು ಏನು ಮಾಡ್ತೀರಿ?”

“ಈ ವಾರಾನಾ, ಹೋದ ವಾರಾನಾ?”

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಕೀರನ್ ಬಾಯಿ ತೆರೆದು ಲಾಂಡ್ರಿಯಿಂದ ಶುರು ಮಾಡಬೇಕೆಂದುಕೊಂಡ. ಮೇಜಿನ ಆಚೆಯಿಂದ ಅಜ್ಜಿ, ಬೇಗ ಮುಗಿಸು ಎಂದು ಕೈಸನ್ನೆ ಮಾಡಿದಳು.

“ಸುಮ್ನೆ ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ, ಮೀನಲ್ಲಿದ್ದೀನಿ ಕಣ್ರೀ.”

ಗ್ರಿಮ್ಸ್‌ಬಿಯಲ್ಲಿ ಇದು ಪೂರ್ತಿ ಉತ್ತರ. ಅಲ್ಲಿ ದೋಣಿಗಳು ಹೋಗಿ ಎಷ್ಟೋ ಕಾಲವಾಗಿದೆ, ಮೀನು ಈಗ ಲಾರಿಯಲ್ಲಿ ಬರುತ್ತದೆ. ಅದನ್ನು ಕೊಯ್ಯುವವರು, ಹೊಗೆ ಹಾಕುವವರು, ಡಬ್ಬಕ್ಕೆ ತುಂಬುವವರು, ಆ ಡಬ್ಬದ ಮೇಲೆ ಚೀಟಿ ಅಂಟಿಸುವವರು ಎಲ್ಲರೂ ಮೀನಲ್ಲಿದ್ದಾರೆ. ಡೋರೀನ್ ಅಜ್ಜಿ ಮೂವತ್ತೊಂದು ವರ್ಷ ಮೀನಲ್ಲಿದ್ದಳು, ಒಂದು ದಿನವೂ ದೋಣಿ ಹತ್ತಿದವಳಲ್ಲ. ಗೆರಾಂಟನಿಗೆ ಇದನ್ನು ಹೇಳುವವರು ಯಾರು?

“ಮೀನಲ್ಲಿ. ಸರಿ ಸರ್. ಕೆಲಸಕ್ಕೆ ಹೋದಾಗ ಕಾರು ಎಲ್ಲಿರುತ್ತೆ?”

“ಡಾಕ್ ಹತ್ರ ನಿಲ್ಲಿಸಿ ಹೋಗ್ತೀನಿ.”

“ತುಂಬ ಹೊತ್ತು ಹೋಗಿರ್ತೀರಾ?”

“ಅದು ನಮ್ಮ ಕೈಲಿಲ್ಲ. ಹೋದ ಮೇಲೆ ಯಾವಾಗ ಬಿಡ್ತಾರೋ ಆವಾಗಲೇ ವಾಪಸ್ಸು.”

“ಚಳಿ ಜಾಸ್ತಿ ಇರುತ್ತೇನೋ ಪಾಪ.”

“ಸಾಯೋವಷ್ಟು. ಮೂಗು ಇದೆಯೋ ಇಲ್ವೋ ಗೊತ್ತಾಗಲ್ಲ.”

ಶೈತ್ಯಾಗಾರದ ಬಗ್ಗೆ ಇಷ್ಟು ಕಾಳಜಿಯಿಂದ ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಗೆರಾಂಟ್ ಹೇಳಿದ ಕಂತು ಹೋದ ವರ್ಷಕ್ಕಿಂತ ಕಾಲು ಭಾಗ ಕಡಿಮೆ ಇತ್ತು. ಕೀರನ್ ಫೋನಿಟ್ಟು ಅಜ್ಜಿಗೆ ಹೇಳಿದ. ಅಜ್ಜಿ ಚಹಾದ ಬಟ್ಟಲು ಎತ್ತಿ, “ನೋಡಿದ್ಯಾ, ಸತ್ಯಕ್ಕೂ ಒಂದು ರೇಟಿದೆ,” ಎಂದಳು. ನಾಲ್ಕು ದಿನದ ಮೇಲೆ ಹನ್ನೆರಡು ಪುಟದ ಪತ್ರ ಬಂತು. ದಯವಿಟ್ಟು ವಿವರಗಳನ್ನು ಪರಿಶೀಲಿಸಿ ಎಂದು ಮೊದಲ ಸಾಲಿನಲ್ಲೇ ಬರೆದಿತ್ತು. ಅವನು ಅದನ್ನು ಬ್ರೆಡ್ ಡಬ್ಬದ ಹಿಂದೆ ಸಿಕ್ಕಿಸಿದ. ಅಲ್ಲಿ ಹೋದ ವರ್ಷದ ಪತ್ರವೂ ಇತ್ತು, ಅದನ್ನೂ ಯಾರೂ ಓದಿರಲಿಲ್ಲ.

ಜುಲೈ ತಿಂಗಳ ಒಂದು ಶನಿವಾರ ಕೀರನ್ ಕಾರನ್ನು ಗೋಡೆಗೆ ಗುದ್ದಿಸಿದ.

ಹ್ಯಾಡಕ್ ವೇಷದ ಜಿಪ್ಪು ಬೆನ್ನ ಮೇಲಿತ್ತು. ಒಬ್ಬರೇ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಚಿಪ್ಸ್ ಅಂಗಡಿಯ ಮಾಲೀಕ ಪ್ಯಾಂಬೋಸ್ ಎಣ್ಣೆ ಕೈಯಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಮನೆಯಲ್ಲೇ ಅಜ್ಜಿ ಜಿಪ್ಪೆಳೆದು ಬೆನ್ನಿಗೊಂದು ಗುದ್ದು ಕೊಟ್ಟು ಕಳಿಸುತ್ತಿದ್ದಳು. ಮೀನಿನ ತಲೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿರುತ್ತಿತ್ತು. ಕೈ ಹೊರಗೆ ತೆಗೆಯಲು ರೆಕ್ಕೆಗಳ ಕೆಳಗೆ ಸೀಳು ಇತ್ತು, ರೆಕ್ಕೆಗಳು ಮಾತ್ರ ತಮ್ಮ ಪಾಡಿಗೆ ತಾವು ನೇತಾಡುತ್ತಿದ್ದವು. ಆ ಶನಿವಾರ ಹುಲ್ಲಿನ ಮೇಲೆ ಚೆಂಡುರುಳಿಸಿ ಬೋಲ್ಸ್ ಆಡುವ ಮುದುಕರ ಕ್ಲಬ್ಬಿನ ತಿರುವಿನಲ್ಲಿ ಬಲರೆಕ್ಕೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಕಾರು ತಿರುಗಬೇಕಾದಷ್ಟು ತಿರುಗಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಕಾರಿನ ಮೂತಿ ಎಂಜಿನ್ನಿನೊಳಕ್ಕೆ ಹೋಗಿತ್ತು. ಬಿಳಿ ಷರಾಯಿ, ಬಿಳಿ ಟೋಪಿಯ ಮುದುಕರು ಆಟ ಬಿಟ್ಟು ಬಂದು ಸುತ್ತ ನಿಂತರು.

“ಯಾರ ಮಗನಪ್ಪ ನೀನು?” ಎಂದ ಒಬ್ಬ.

“ಓಡ್ಲಿಂಗ್ ಡೋರೀನಳ ಮೊಮ್ಮಗ.”

“ಅವಳೂ ಮೀನಲ್ಲೇ ಇದ್ದಳು,” ಎಂದ ಇನ್ನೊಬ್ಬ. “ಇಷ್ಟು ಒಳಗೆ ಇರಲಿಲ್ಲ.”

ಫೋಟೋ ಮಧ್ಯಾಹ್ನದೊಳಗೆ ಇಡೀ ಊರಿನ ಫೋನುಗಳಲ್ಲಿತ್ತು. ಕ್ಲಬ್ಬಿನ ಕಾರ್ಯದರ್ಶಿ ಬಿದ್ದ ಇಟ್ಟಿಗೆಗಳನ್ನು ಎಣಿಸಿ ವಿಮೆಯವರಿಗೆ ಪತ್ರ ಬರೆದ. ಫೋಟೋವನ್ನು ಪತ್ರದ ಜೊತೆಗಿಟ್ಟ.

ಎರಡು ವಾರದ ಮೇಲೆ ವಿಮೆ ಕಂಪನಿಯ ತನಿಖೆಯ ಹೆಂಗಸು ಫೋನ್ ಮಾಡಿದಳು. ಹೆಸರು ಮಿಸೆಸ್ ಲಾಕ್‌ಯರ್. ದನಿ ಶಾಲೆಯ ಹೆಡ್‌ಮಿಸ್ಟ್ರೆಸ್ಸಿನದು. ಆ ಎರಡು ವಾರ ಕೀರನ್ ಏಜೆನ್ಸಿಗೆ ಬೆನ್ನುನೋವು ಎಂದು ಹೇಳಿಕೊಂಡಿದ್ದ. ಕಾರಿನ ದುಡ್ಡು ಬಂದರೆ ಅದೇ ದಿನ ಕೊಳ್ಳಲು ಇನ್ನೊಂದು ಹಳೇ ಕಾರು ನೋಡಿಟ್ಟಿದ್ದ.

“ಮಿಸ್ಟರ್ ಓಡ್ಲಿಂಗ್, ನೀವು ಮೀನುಗಾರರಾ?”

“ನಾನಾ? ಪಾರ್ಕಿನ ಕೊಳದಲ್ಲಿ ದೋಣಿ ಹತ್ತಿದ್ರೂ ನಂಗೆ ವಾಂತಿ ಬರುತ್ತೆ ಮೇಡಂ.”

ಆಕೆ ಬರೆದುಕೊಳ್ಳುವ ಸದ್ದು ಕೇಳಿಸಿತು.

“ನಿಮ್ಮ ಕಾಗದದಲ್ಲಿ ಸಮುದ್ರ ಮೀನುಗಾರ ಅಂತಿದೆ. ವಾರಗಟ್ಟಲೆ ಕಡಲಲ್ಲಿರ್ತೀರಿ, ಕಾರು ಡಾಕಿನಲ್ಲಿ ನಿಂತಿರುತ್ತೆ ಅಂತ ಕಂತು ಕಡಿಮೆ ಮಾಡಿದ್ದಾರೆ.”

“ನಾನು ಹಂಗೆ ಹೇಳೇ ಇಲ್ಲ.”

ಆಕೆ ರೆಕಾರ್ಡ್ ಹಾಕಿದಳು. ಕೀರನ್ ಫೋನನ್ನು ಮೇಜಿನ ಮೇಲಿಟ್ಟ. ಅವನದೇ ದನಿ ಅಡುಗೆಮನೆಯಲ್ಲಿ ಮಾತಾಡಿತು. ಮೀನಲ್ಲಿದ್ದೀನಿ ಕಣ್ರೀ. ಡಾಕ್ ಹತ್ರ ನಿಲ್ಲಿಸಿ ಹೋಗ್ತೀನಿ. ಮೂಗು ಇದೆಯೋ ಇಲ್ವೋ ಗೊತ್ತಾಗಲ್ಲ. ಎತ್ತು ಈದಿದೆ ಅಂದವನೂ ಅದರಲ್ಲಿ ಇವನೇ, ಕೊಟ್ಟಿಗೆಗೆ ಕಟ್ಟು ಅಂದವನೂ ಇವನೇ. ಗೆರಾಂಟ್ ಹಗ್ಗ ಹಿಡಿದುಕೊಂಡಿದ್ದ, ಅಷ್ಟೇ.

“ನಮ್ಮೂರಲ್ಲಿ ಮೀನಲ್ಲಿದ್ದೀನಿ ಅಂದ್ರೆ ಬೇರೆ ಅರ್ಥ ಮೇಡಂ.”

“ಫೋಟೋ ನೋಡಿದೆ,” ಎಂದಳು ಮಿಸೆಸ್ ಲಾಕ್‌ಯರ್. ಆಕೆ ನಗು ತಡೆಯುತ್ತಿದ್ದಾಳೆಂದು ಅವನಿಗೆ ಅನ್ನಿಸಿತು. ಅದರಿಂದ ಉಪಯೋಗವೇನೂ ಆಗಲಿಲ್ಲ. “ಪತ್ರ ಕಳಿಸಿದ್ವಿ. ತಪ್ಪಿದ್ರೆ ತಿಳಿಸಿ ಅಂತ ಕೇಳಿದ್ವಿ. ಏಪ್ರಿಲ್‌ನಿಂದ ಕೆಲಸವೇನಾದ್ರೂ ಬದಲಾಯ್ತಾ?”

ಕೀರನ್ ಬೆರಳು ಮಡಚಿ ಎಣಿಸಿದ. ಅಜ್ಜಿ ಹೇಳಬೇಡ ಎಂದು ತಲೆಯಾಡಿಸಿದಳು. ಸತ್ಯದ ರೇಟು ಬಿದ್ದಿರುವುದು ಅವಳಿಗೆ ಅವನಿಗಿಂತ ಮೊದಲೇ ತಿಳಿದಿತ್ತು.

“ಒಂಬತ್ತು ಸಲ,” ಎಂದ ಅವನು.

“ಒಂದು ಸಲವೂ ತಿಳಿಸಲಿಲ್ಲ.”

“ಒಂಬತ್ತು ಸಲ ಆ ಪಿಯಾನೋ ಕೇಳ್ಬೇಕಿತ್ತು ಮೇಡಂ.”

ಕಾರಿಗೆ ಪರಿಹಾರ ಇಲ್ಲ ಎಂಬ ಪತ್ರ ಶುಕ್ರವಾರ ಬಂತು. ಈ ಪತ್ರವನ್ನು ಅವನು ಪೂರ್ತಿ ಓದಿದ. ವಿಮೆಯನ್ನು ಮೊದಲಿನಿಂದಲೇ ಇರಲಿಲ್ಲ ಎಂಬಂತೆ ರದ್ದು ಮಾಡಿದ್ದರು. ಬೇಕಾದರೆ ಮೇಲಿನವರಿಗೆ ದೂರು ಕೊಡಬಹುದಿತ್ತು, ತೀರ್ಮಾನಕ್ಕೆ ಆರು ತಿಂಗಳಾದರೂ ಬೇಕಿತ್ತು. ಅವನು ದೂರು ಬರೆದ. ಆ ಫಾರಂನಲ್ಲೂ ಮೂರನೇ ಸಾಲು ‘ನಿಮ್ಮ ಉದ್ಯೋಗ’ ಎಂದಿತ್ತು. ಅದನ್ನು ಖಾಲಿ ಬಿಟ್ಟ.

ಅಜ್ಜಿ ಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಮೇಜಿಗೆ ಹಾಕಿದಳು. “ಈ ಮನೇಲಿ ಮೀನುಗಾರ ಅಂತ ಇದ್ದೋನು ಒಬ್ಬನೇ, ನಿಮ್ಮ ತಾತ. ಕಡಲ ತಳದಲ್ಲಿದ್ದಾನೆ. ಹೆಣ ತೋರ್ಸಿ ಅಂತ ಏಳು ವರ್ಷ ನನಗೂ ದುಡ್ಡು ಕೊಡ್ಲಿಲ್ಲ ಇವರು.”

“ಸತ್ಯ ಹೇಳು ಅಂದೋಳು ನೀನೇ ಅಲ್ವಾ?”

“ಇಂಗ್ಲಿಷಲ್ಲಿ ಹೇಳು ಅಂದಿದ್ದೆ ಕಣೋ. ಗ್ರಿಮ್ಸ್‌ಬಿ ಭಾಷೇಲಲ್ಲ.”

ಸೋಮವಾರ ಬೆಳಗಿನ ಜಾವ ಏಜೆನ್ಸಿಯ ಮೆಸೇಜು ಬಂತು. ಸ್ವಂತ ಗಾಡಿ ಇದೆಯಾ? ಅವನು ‘ಇಲ್ಲ’ ಒತ್ತಿದ. ಮಂಗಳವಾರ ಬಂತು, ಇಲ್ಲ ಎಂದ. ಬುಧವಾರ ಬರಲಿಲ್ಲ. ಆಮೇಲೆ ಯಾವ ವಾರವೂ ಬರಲಿಲ್ಲ. ಉಳಿದದ್ದು ಚಿಪ್ಸ್ ಅಂಗಡಿ ಒಂದೇ. ಅದು ಹನ್ನೊಂದಕ್ಕೆ ತೆರೆಯುತ್ತಿತ್ತು, ಬಸ್ಸು ಸಿಗುತ್ತಿತ್ತು. ಶನಿವಾರ ಅಜ್ಜಿ ಜಿಪ್ಪೆಳೆದು ಬೆನ್ನಿಗೆ ಗುದ್ದಿದಳು. ಅವನು ಮೀನಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಎದುರಿನ ಸೀಟಿನ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, “ಏನು ಕೆಲಸ ಮರಿ ನಿಂದು?” ಎಂದು ಕೇಳಿದಳು. ಈ ಸಲ ಅವನಿಗೆ ಉತ್ತರ ಹುಡುಕಬೇಕಾಗಲಿಲ್ಲ.

ಹೋದದ್ದು ಇಷ್ಟು: ಕಾರು ಒಂದು, ಕೆಲಸ ಮೂರು, ಬೋಲ್ಸ್ ಕ್ಲಬ್ಬಿನ ಇಟ್ಟಿಗೆ ಮೂವತ್ತೇಳು, ಬಲಗಡೆಯ ಈಜುರೆಕ್ಕೆ ಒಂದು.